ಮೂಲೆ ಮಡಿಸಿದ ಕಾರ್ಡು

"ಎಲ್ಲರ ಮನೆಗೂ ಕಾರ್ಡು ಹಾಕು. ಗ್ರೋಸ್ ಮೇಡಂ ಪೆಟ್ಟಿಗೆಗೆ ಮಾತ್ರ ಹಾಕ್ಬೇಡ ಕಣೋ," ಎಂದ ಫೆನ್ವಿಕ್, ಊದಿದ ಕಾಲನ್ನು ಸ್ಟೂಲಿನ ಮೇಲೆ ಎಳೆದಿಟ್ಟುಕೊಳ್ಳುತ್ತ.

"ಯಾಕೆ, ಸತ್ತವಳು ಚಹಾಕ್ಕೆ ಕರೀತಾಳಾ?" ಲೆಫ್ಟಿನೆಂಟ್ ಟ್ಯಾರಂಟ್ ನಕ್ಕ.

"ಕರೆಯಲ್ಲ. ಅವಳೇ ಬರ್ತಾಳೆ."

ಬ್ರಿಟಿಷರ ಗಿರಿಧಾಮ ಮಸ್ಸೂರಿಗೆ ಹೊಸದಾಗಿ ಬಂದ ಅಧಿಕಾರಿ ಮನೆಮನೆಯ ಗೇಟಿನ ಪೆಟ್ಟಿಗೆಗೆ ತನ್ನ ಹೆಸರಿನ ಕಾರ್ಡು ಹಾಕಬೇಕು. ಇಲ್ಲದಿದ್ದರೆ ಔತಣವಿಲ್ಲ, ಕುಣಿತವಿಲ್ಲ. ಖುದ್ದು ಬಂದಿದ್ದರೆ ಕಾರ್ಡಿನ ಮೂಲೆ ಮಡಿಸಬೇಕು. ಆ ಮನೆಯವರೂ ತಿರುಗಿ ಬಂದು ಹೋಗಬೇಕು. ಗ್ರೋಸ್ ಮೇಡಂ ಅಂಗಡಿಯವನ ಹೆಂಡತಿ. ಊರಿಗೆಲ್ಲ ಕಾರ್ಡು ಹಾಕಿದಳು. ಒಬ್ಬ ದೊರೆಸಾನಿಯೂ ಅವಳ ಮೆಟ್ಟಿಲು ತುಳಿಯಲಿಲ್ಲ. ಸಾಯುವ ಮುಂಚೆ ಬೆಟ್ಟದ ಮಾಂತ್ರಿಕನಿಗೆ ತನ್ನ ಕೂದಲು, ಉಗುರು ಕೊಟ್ಟು ತನ್ನ ಗೇಟಿನ ಪೆಟ್ಟಿಗೆಗೆ ಮಾಟ ಮಾಡಿಸಿದಳಂತೆ. ದೊಡ್ಡವರ ಮರ್ಯಾದೆ ಎಷ್ಟು ಸಣ್ಣದೆಂದು ಆ ಊರಲ್ಲಿ ಬಾಳಿದವರಿಗೇ ಗೊತ್ತು.

ನಡೆಯಲಾರದ ಫೆನ್ವಿಕ್‌ನ ಕಾರ್ಡುಗಳೂ ಟ್ಯಾರಂಟ್ ಕೈಯಲ್ಲೇ ಇದ್ದವು. ಅಷ್ಟರಲ್ಲಿ ಕಾಲು ವಾಸಿಯಾದೀತೆಂದು ಶನಿವಾರದ ಕುಣಿತಕ್ಕೆ ಲೆಟಿಸ್ ಎಂಬ ಹುಡುಗಿ ಫೆನ್ವಿಕ್‌ನನ್ನೇ ಜೊತೆಗಾರನಾಗಿ ಒಪ್ಪಿದ್ದಳು. ಟ್ಯಾರಂಟ್‌ಗೆ ಹೊಟ್ಟೆಕಿಚ್ಚು. ನಡುಮಧ್ಯಾಹ್ನವೂ ಮಂಜು ಕವಿದಿತ್ತು. ಕೊಳೆತ ದೇವದಾರು ಎಲೆಗಳ ವಾಸನೆ. ಅವನು ಗ್ರೋಸ್ ಮೇಡಂನ ಪಾಳುಮನೆಯ ಗೇಟಿನಲ್ಲಿ ನಿಂತು ಫೆನ್ವಿಕ್‌ನ ಕಾರ್ಡಿನ ಮೂಲೆ ಮಡಿಸಿ ಪೆಟ್ಟಿಗೆಯೊಳಗೆ ಬಿಟ್ಟ. ಬಿದ್ದ ಸದ್ದಾಗಲಿಲ್ಲ. ಒಳಗಿಂದ ಯಾರೋ ಹಿಡಿದುಕೊಂಡ ಹಾಗಿತ್ತು.

ಮರುದಿನ ಫೆನ್ವಿಕ್‌ಗೆ ಮೈ ಸುಡುವ ಜ್ವರ.

"ಹಾಸಿಗೆ ಅಂಚಲ್ಲಿ ಕೂತಿದ್ದಾಳೆ ಕಣೋ. ಒದ್ದೆ ಕೈಗವಸು. ಕರ್ಪೂರದ ವಾಸನೆ. ನನ್ನ ಕಾರ್ಡು ಬಂತು ಅಂತಾಳೆ. ಹಾಕಿದವನು ತನ್ನ ಕಾರ್ಡಿಟ್ಟು ನಂದನ್ನ ತೆಗೆದ್ರೆ ಬಿಡ್ತಾಳಂತೆ. ನೀನು ಹಾಕಿಲ್ಲ ತಾನೇ?"

"ಇಲ್ಲಪ್ಪ. ಆದ್ರೂ ನೋಡ್ಕೊಂಡು ಬರ್ತೀನಿ."

ಟ್ಯಾರಂಟ್ ಓಡಿದ. ಮುಚ್ಚಳ ತೆಗೆದ. ಗೆಳೆಯನ ಹೆಸರು ಕಣ್ಣೆದುರಿಗೇ ಇತ್ತು. ತನ್ನ ಕಾರ್ಡು ಬೆರಳಲ್ಲಿ. ಪಾಳುಮನೆಯೊಳಗೆ ಕುರ್ಚಿ ಸರಿಯಿತು. ರೇಷ್ಮೆ ಸರಸರ ಅಂದಿತು. ಬಾಗಿಲತ್ತ ಬಂತು. ಹತ್ತಿರ. ಇನ್ನೂ ಹತ್ತಿರ. ಕೈ ಮುಂದೆ ಹೋಗಲಿಲ್ಲ. ಮುಚ್ಚಳ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ.

"ಪೆಟ್ಟಿಗೆ ಖಾಲಿ ಇತ್ತು," ಎಂದ, ಗೆಳೆಯನ ಹಾಸಿಗೆ ಬಳಿ ಬಂದು.

"ನಂಗೊತ್ತಿತ್ತು, ನೀನು ಹಾಕಿರಲ್ಲ ಅಂತ," ಫೆನ್ವಿಕ್ ಅವನ ಕೈ ಹಿಡಿದುಕೊಂಡ. ಸಂಜೆಯೊಳಗೆ ಹೋಗಿಬಿಟ್ಟ.

ಅವನನ್ನು ಮಣ್ಣು ಮಾಡಿದ ಊರು ಶನಿವಾರದ ಕುಣಿತವನ್ನೇನೂ ನಿಲ್ಲಿಸಲಿಲ್ಲ. ಟ್ಯಾರಂಟ್ ಲೆಟಿಸ್ ಜೊತೆ ಕುಣಿದ. ಕೊಂದೆ, ಕೊಂದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಅವಳ ಕೂದಲಲ್ಲೂ ಕರ್ಪೂರದ ವಾಸನೆ.

ಭಾನುವಾರ ಇಗರ್ಜಿಯಿಂದ ಬಂದು ತನ್ನ ಗೇಟಿನ ಪೆಟ್ಟಿಗೆ ತೆರೆದ. ಒಳಗೆ ಒಂದೇ ಕಾರ್ಡು. ಒದ್ದೆ ಮಣ್ಣು ಮೆತ್ತಿತ್ತು. ಫೆನ್ವಿಕ್‌ನದು. ಮೂಲೆ ಮಡಿಸಿತ್ತು.

ಬೀಗ ಹಾಕಿದ್ದ ಮನೆಯೊಳಗೆ ಯಾರೋ ಸ್ಟೂಲು ಎಳೆದುಕೊಂಡರು. ಕಾಲು ನೋಯುವವನು ಎಳೆದುಕೊಳ್ಳುವಂತೆ, ಮೆಲ್ಲಗೆ.

ಓಡಬಹುದಿತ್ತು. ಒಮ್ಮೆ ಓಡಿದ್ದೇ ಸಾಕಾಗಿತ್ತು.

"ಬಂದೆ ಕಣೋ," ಎಂದು ಟ್ಯಾರಂಟ್ ಬೀಗ ತೆಗೆದ.