ಕಷಾಯ ಅಲ್ಲ, ಸೂಪು

ಚಮಚದಲ್ಲಿ ಕಂದು ನೀರು ಕಂಡರೆ ಮೊಳಕಾಲ್ಮೂರಿನ ಕೂಸುಗಳು ಬಾಯಿ ಬಿಗಿಯುತ್ತವೆ. ಅದು ಕಷಾಯವೆಂದು ಅವಕ್ಕೆ ಯಾರೂ ಕಲಿಸಬೇಕಿಲ್ಲ. ಪಾಂಡಿಚೇರಿಯ ಹೋಟೆಲಿನಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿ ಬಂದ ಪಾಲಾಕ್ಷನಿಗೆ ಮಾತ್ರ ಇದು ತಿಳಿದಿರಲಿಲ್ಲ.

ವನಜಾಕ್ಷಿ ಗೋಡೆಗೊರಗಿ ನೋಡುತ್ತಿದ್ದಳು. ತಾಯಂದಿರು ಸೀರೆ ನೇಯಲು ಮಗ್ಗದ ಗುಂಡಿಗಿಳಿದರೆ ಮಕ್ಕಳು ಸಂಜೆವರೆಗೆ ಅವಳ ಶಿಶುವಿಹಾರದಲ್ಲಿ. ಗಂಡ ಸತ್ತ ಮೇಲೆ ಅವಳಿಗಿದ್ದ ಮಾತುಕತೆ ಅಷ್ಟೇ. ಮಕ್ಕಳು ಹೋದರೆ ಮರುದಿನ ಬೆಳಗಿನವರೆಗೆ ಬಾಯಿಗೆ ಕೆಲಸವಿರಲಿಲ್ಲ.

ಪಾಲಾಕ್ಷ ಅವ್ವನ ಕಾಯಿಲೆಗೆಂದು ಊರಿಗೆ ಬಂದವನು, ಅವ್ವ ತೀರಿಕೊಂಡ ಮೇಲೆ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಕ್ಯಾಂಟೀನು ಸೇರಿದ್ದ. ಇದೇ ಶಿಶುವಿಹಾರಕ್ಕೆ ಬರುವ ಅಕ್ಕ ಗೀತಮ್ಮನ ಮಗುವನ್ನು ನೋಡುವ ನೆವದಲ್ಲಿ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತುತ್ತಿದ್ದ. ಈ ಸಲ ಒಂದು ಚೀಲ ಈರುಳ್ಳಿ ತಂದಿದ್ದ. ಫ್ರೆಂಚರ ಸೂಪಂತೆ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕಂದಾಗುವವರೆಗೆ ಬಾಡಿಸಿದ. ಮಕ್ಕಳಿಗೆಂದು ಮೆಣಸು ಬಿಟ್ಟು ಬೇಳೆಕಟ್ಟು ಹೊಯ್ದ. ಚೀಸ್ ಸಿಗದೆ ಬ್ರೆಡ್ಡಿನ ಮೇಲೆ ಹಾಲಿನ ಕೆನೆ ಸವರಿದ.

"ಇಷ್ಟೊತ್ತು ಮಾಡಿದ್ರೆ ನಿಮ್ ಹೋಟ್ಲಲ್ಲಿ ಯಾರು ಕಾಯ್ತಿದ್ರು?" ಎಂದು ವನಜಾಕ್ಷಿ ಛೇಡಿಸಿದ್ದಳು.

"ಇಲ್ಲಿ ನೀವು ಕಾಯ್ತಿದೀರಲ್ಲ."

ಹಬೆಯಾಚೆ ಅವನ ಕಣ್ಣುಗಳು ತೇವವಾಗಿದ್ದವು. ಈರುಳ್ಳಿಯದೋ ಏನೋ, ಅವಳು ಕೇಳಲಿಲ್ಲ.

ಈಗ ಒಂದು ಮಗುವೂ ಬಾಯಿ ತೆರೆಯಲಿಲ್ಲ. ಗೀತಮ್ಮನ ಮಗಳು ಚಮಚವನ್ನೇ ತಟ್ಟಿ ಕೆಡವಿದಳು. ಆಯಾ ಪಾಪಕ್ಕ ನಕ್ಕಳು. ಅವನ ಮುಖ ನೋಡಲಾಗದೆ ವನಜಾಕ್ಷಿ ಮಕ್ಕಳ ನಡುವೆ ಕೂತು, ಬಟ್ಟಲನ್ನು ತುಟಿಗಿಟ್ಟು ಅವಕ್ಕೆ ಕಾಣುವಂತೆ ಕುಡಿದಳು. ಸಕ್ಕರೆಯಿಲ್ಲದೆಯೂ ಸಿಹಿಯಾಗಿತ್ತು. ಒಂದು ಬಾಯಿ ತೆರೆಯಿತು, ಆಮೇಲೆ ಇನ್ನೊಂದು.

ಅವಳು ಕೆಳಗಿಟ್ಟ ಬಟ್ಟಲನ್ನು ಪಾಲಾಕ್ಷ ಎತ್ತಿಕೊಂಡು, ಉಳಿದದ್ದನ್ನು ನಿಧಾನವಾಗಿ ಕುಡಿದ. ಪಾಪಕ್ಕನ ನಗು ನಿಂತಿತು. ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

"ಅದು ನನ್ ಎಂಜಲು," ಎಂದಳು ವನಜಾಕ್ಷಿ.

"ಗೊತ್ತೈತೆ."

"ಪಾಪಕ್ಕ ನೋಡಿದ್ಲು."

"ನೋಡ್ಲಿ ಅಂತ್ಲೇ ಕುಡಿದೆ."

ಪಾಂಡಿಚೇರಿಯ ಹೋಟೆಲಿನವರು ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ವಾಪಸು ಕರೆದಿದ್ದರಂತೆ. ಸೋಮವಾರ ಹೊರಡಬೇಕಂತೆ. ಮದುವೆಯಾಗಿ ಜೊತೆಗೆ ಬರುತ್ತೀರಾ ಎಂದು ಕೇಳಿದ.

ಅವಳಿಗೆ ಸಿಟ್ಟು ಬಂತು. "ಮೊದ್ಲು ಕೇಳಿ ಆಮೇಲೆ ಕುಡೀಬೇಕಿತ್ತು. ನೀವು ಬಸ್ ಹತ್ತಿ ಹೋಗ್ತೀರಿ. ಬೀದಿಗೆ ಉತ್ತರ ಹೇಳೋಳು ನಾನು. ಪಾಪಕ್ಕ ಬಾಯ್ಬಿಟ್ರೆ ನಾಳೆ ಯಾರೂ ಇಲ್ಲಿಗೆ ಮಕ್ಳನ್ನ ಕಳ್ಸಲ್ಲ."

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎಂದ.

"ನಾಳೆ ಎಲ್ಲಾ ಮಕ್ಳೂ ಬಂದ್ರೆ ಬರ್ತೀನಿ."

"ಬರ್ದಿದ್ರೆ?"

"ಬರಲ್ಲ. ಬೇರೆ ದಿಕ್ಕಿಲ್ದೆ ಹೋದ್ಲು ಅನ್ನಿಸ್ಕೊಳ್ಳಲ್ಲ ನಾನು."

ಸೋಮವಾರದವರೆಗೆ ಚಳ್ಳಕೆರೆಯಲ್ಲೇ ಕಾಯುತ್ತೇನೆಂದು ಹೇಳಿ ಅವನು ಹೊರಟ. ಆ ಸಂಜೆ ಅವಳು ಒಲೆ ಹಚ್ಚಲಿಲ್ಲ.

ಮರುದಿನ ಬಾಗಿಲಲ್ಲಿ ನಿಂತಳು. ತಾಯಂದಿರು ಎಂದಿನಂತೆ ಮಕ್ಕಳನ್ನು ಬಿಟ್ಟು, ಎಂದಿನಂತೆ ನಕ್ಕು ಹೋದರು. ಒಂದು ಮಗುವೂ ತಪ್ಪಲಿಲ್ಲ. ಪಾಪಕ್ಕ ಯಾರಿಗೂ ಹೇಳಿರಲಿಲ್ಲ.

ಯಾಕೆಂದು ವನಜಾಕ್ಷಿ ಕೇಳಿದಳು.

"ಹಿತ್ಲಿಗೆ ಎಲ್ಲಾ ಕೇಳಿಸ್ತೈತೆ ಕಣವ್ವ," ಎಂದಳು ಪಾಪಕ್ಕ. "ಈ ಕೂಸುಗಳ್ನ ನಾನು ನೋಡ್ಕಂತೀನಿ. ಮಲಗಿದ್ಮೇಲೆ ಹೊರಡು. ಎಚ್ಚರಿದ್ರೆ ಕಾಲು ಹಿಡ್ಕಂತಾವೆ."

ಮಧ್ಯಾಹ್ನ ಮಕ್ಕಳೆಲ್ಲ ಮಲಗಿದವು. ವನಜಾಕ್ಷಿ ಇನ್ನೂ ಅವುಗಳ ಬೆನ್ನು ತಟ್ಟುತ್ತಲೇ ಇದ್ದಳು.