ಗಡಿಯಾರ ತಪ್ಪಿದ ಹನ್ನೊಂದು ಜಾಗ

ಹಚ್ಚಿಟ್ಟು ಹೋಗಿದ್ದ ಆಂಪ್ಲಿಫೈಯರಿನ ದೀಪ ಆರಿತ್ತು. ನೆಗಿಶಿಯವರ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

ಬೆಳಿಗ್ಗೆ ಒಂಬತ್ತಕ್ಕೆ ಅವರು ಹೆಂಡತಿಯ ಸಮಾಧಿಗೆ ಹೊರಟಾಗ, ಸಂಗೀತದ ಕೋಣೆಯ ಯಂತ್ರಗಳನ್ನೆಲ್ಲ ಹಚ್ಚಿಯೇ ಹೋಗಿದ್ದರು. ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗಲು ಹೊತ್ತು ಬೇಕು. ಹನ್ನೊಂದಕ್ಕೆ ಮರಳಿದರು. ದೊಡ್ಡ ಆಂಪ್ಲಿಫೈಯರ್ ತಣ್ಣಗಿತ್ತು. ಅದರ ಮೇಲಿನ ಹಲಗೆ ಖಾಲಿ. ಪ್ರಿ-ಆಂಪ್ಲಿಫೈಯರ್ ಇಲ್ಲ.

ಸರೋವರದ ದಂಡೆಯ ಪೊಲೀಸ್ ಚೌಕಿಯಿಂದ ಸಾರ್ಜೆಂಟ್ ಟೊಕಿಟಾ ಸೈಕಲ್ ತುಳಿದುಕೊಂಡು ಬಂದಳು. ನಲವತ್ತರ ಹೆಂಗಸು. ಬೌದ್ಧ ಗುಡಿಯ ಅರ್ಚಕರ ಮಗಳು. ಮಾತಿಗಿಂತ ಮೌನ ಹೆಚ್ಚು.

“ಏನು ಹೋಗಿದೆ?”

“ಪ್ರಿ-ಆಂಪು. ಇಷ್ಟಗಲದ ಪೆಟ್ಟಿಗೆ.” ಮುದುಕರು ಕೈಯಲ್ಲಿ ಅಳತೆ ತೋರಿಸಿದರು. “ಟೇಪಿಂದ ಬರೋ ಸಣ್ಣ ದನೀನ ಮೊದಲು ಎತ್ಕೊಳ್ಳೋದು ಅದೇ ಕಣಮ್ಮ. ಅದು ಕೆಡಿಸ್ತು ಅಂದ್ರೆ ಆಮೇಲೆ ಎಂಥ ಸ್ಪೀಕರ್ ಇದ್ರೂ ಅಷ್ಟೇ.”

“ಬೇರೆ ಏನೂ ಮುಟ್ಟಿಲ್ವಾ?”

“ಏನೂ ಇಲ್ಲ. ಇಪ್ಪತ್ತು ವರ್ಷ ಹುಡುಕಿದ್ದೀನಿ. ಹದಿಮೂರು ಬದಲಾಯಿಸ್ದೆ. ಒಂದರಲ್ಲೂ ಮನುಷ್ಯರ ದನಿ ಮನುಷ್ಯರ ಥರ ಕೇಳ್ಲಿಲ್ಲ. ಇದರಲ್ಲಿ ಕೇಳ್ತು. ಮೂರು ವಾರ ಆಗಿತ್ತು ತಂದು.”

“ಯಾರ ದನಿ?”

ಅವರು ಗೋಡೆಯ ಮೇಲಿನ ಚಿತ್ರ ನೋಡಿದರು. ಹೆಂಡತಿ ಫುಮಿಯೆ. ನೂರು ಹಳೆಯ ಕವಿತೆಗಳ ಕಾರ್ಡಿನಾಟಕ್ಕೆ ಕವಿತೆ ಓದುತ್ತಿದ್ದವರು. ಅವರು ಮೊದಲಕ್ಷರ ಎತ್ತಿದರೆ ಸಾಕು, ಚಾಪೆಯ ಮೇಲೆ ಹರಡಿದ ಕಾರ್ಡಿಗೆ ಆಟಗಾರರ ಕೈ ಹಾರುತ್ತಿತ್ತು. ಹೋದ ಜೂನ್‌ನಲ್ಲಿ ತೀರಿಕೊಂಡರು. ಶ್ವಾಸಕೋಶದ ಕಾಯಿಲೆ. ಉಳಿದಿರುವುದು ಒಂದೇ ಒಂದು ಸ್ಪೂಲ್ ಟೇಪು. ಅದರಲ್ಲಿ ನೂರೂ ಕವಿತೆಗಳಿವೆ.

“ನಿನ್ನೆ ಸಾಯಂಕಾಲ ಮೊದಲನೇ ಸಲ ಆ ಟೇಪ್ ಹಾಕಿದ್ದೆ,” ನೆಗಿಶಿ ಹೇಳಿದರು. “ಅಲ್ಲೀವರೆಗೂ ಧೈರ್ಯ ಬಂದಿರಲಿಲ್ಲ. ಅವಳು ಇಲ್ಲೇ ಕೂತಿದ್ಲು ಕಣಮ್ಮ. ಟೇಪಲ್ಲಿ ಪಕ್ಕದ ಕೋಣೆ ಗೋಡೆ ಗಡಿಯಾರ ಕೂಡ ಕೇಳ್ತು. ತಮಾಷೆ ಏನಂದ್ರೆ, ಕೆಲವು ಕಡೆ ಗಡಿಯಾರ ಹೆಜ್ಜೆ ತಪ್ಪತ್ತೆ. ಹಿಬಿನೊಗೆ ಆಗ್ಲೇ ಫೋನ್ ಮಾಡ್ದೆ. ನಾಳೆ ಮೂರಕ್ಕೆ ಬಾ, ಇಬ್ಬರೂ ಕೂತು ಕೇಳೋಣ ಅಂತ.”

“ಹಿಬಿನೊ ಯಾರು?”

“ನನ್ನ ಸ್ನೇಹಿತ. ರೇಡಿಯೋ ಸ್ಟೇಷನ್ನಲ್ಲಿ ರೆಕಾರ್ಡಿಂಗ್ ಮಾಡ್ತಿದ್ದೋನು. ಆ ಟೇಪ್ ಮಾಡಿದ್ದೂ ಅವನೇ, ಇದೇ ಮನೇಲಿ. ಇದಕ್ಕೆ ಮುಂಚಿನ ಎರಡು ಪ್ರಿ-ಆಂಪ್ ಕೂಡ ಅವನೇ ಕಟ್ಟಿಕೊಟ್ಟಿದ್ದು.”

ಟೊಕಿಟಾ ಹಲಗೆಯ ಹತ್ತಿರ ಬಗ್ಗಿದಳು. ಬಿಚ್ಚಿದ ತಂತಿಗಳು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದವು. ಒಂದು ಸುತ್ತು ಒಳಮುಖ, ಒಂದು ಸುತ್ತು ಹೊರಮುಖ. ನಡುವೆ ಹತ್ತಿಯ ದಾರದ ಗಂಟು.

“ಪ್ರಿ-ಆಂಪನ್ನ ಹಾಗೇ ಕಿತ್ತರೆ ಏನಾಗತ್ತೆ?”

“ಧಡ್ ಅಂತ ಸ್ಪೀಕರ್ ಹೊಟ್ಟೆ ಒಡೆಯತ್ತೆ. ಮೊದಲು ದೊಡ್ಡ ಆಂಪ್ ಆರಿಸಬೇಕು. ಒಂದು ನಿಮಿಷ ಕಾಯಬೇಕು. ಆಮೇಲೆ ಇದು.”

“ಸ್ಪೀಕರ್ ಸರಿಯಿದೆಯಾ?”

ಅವರು ಹಳೆಯ ಪ್ರಿ-ಆಂಪೊಂದನ್ನು ಜೋಡಿಸಿ ನೋಡಿದರು. ಸರಿಯಿತ್ತು.

“ಹಾಗಾದ್ರೆ ಕಳ್ಳ ಒಂದು ನಿಮಿಷ ಕಾದಿದ್ದಾನೆ,” ಎಂದಳು ಟೊಕಿಟಾ.

*

ಬಾಗಿಲ ಬೀಗ ಮುರಿದಿರಲಿಲ್ಲ. ಇನ್ನೊಂದು ಕೀಲಿ ನೀರಿನ ತೊಟ್ಟಿಯ ಕೆಳಗಿರುತ್ತದೆಂದು ಅರ್ಧ ಬೀದಿಗೆ ಗೊತ್ತು. ಎದುರು ಮನೆಯ ಉಸುಯಿ ಅಜ್ಜಿ ಪೊರಕೆ ಹಿಡಿದು ಕಾಯುತ್ತಲೇ ಇದ್ದರು.

“ಬಿಳೀ ವ್ಯಾನು ಬಂದಿತ್ತಮ್ಮ. ಆ ಹಳೇ ರೇಡಿಯೋ ಅಂಗಡಿ ವಾಕುಯಿದು. ಹೆಂಡ್ತಿ ಸತ್ತ ಮನೆ ಮುಂದೆ ಕಾಗೆ ಥರ ಸುತ್ತಾನೆ.”

“ಒಳಗೆ ಹೋದ್ನಾ?”

“ಬೆಲ್ ಹೊಡೆದ. ಆಮೇಲೆ ನನ್ನ ಒಲೆ ಮೇಲೆ ಸಾರು ಉಕ್ಕಿಬಿಡ್ತು. ಕಳ್ಳ ನೋಡ್ಲಾ, ಸಾರು ನೋಡ್ಲಾ?”

“ಬೇರೆ ಯಾರಾದ್ರೂ ಬಂದಿದ್ರಾ?”

“ಬೇರೆಯವರು ಯಾರೂ ಬಂದಿಲ್ಲ. ಬೀದೀಲಿ ಹೊಸ ಬೆಕ್ಕು ಬಂದ್ರೂ ನಂಗೆ ಗೊತ್ತಾಗತ್ತೆ.”

*

ವಾಕುಯಿಯ ಅಂಗಡಿ ರೈಲು ನಿಲ್ದಾಣದ ಹಿಂದೆ. ಟೊಕಿಟಾಳ ಸಮವಸ್ತ್ರ ಕಂಡದ್ದೇ ಅವನ ಮುಖ ಬಿಳಿಚಿತು.

“ಹೌದು ಮೇಡಂ, ಹೋಗಿದ್ದೆ. ಕೋಬೆಯಲ್ಲಿ ಒಬ್ಬ ಗಿರಾಕಿ ಅದಕ್ಕೆ ಎರಡರಷ್ಟು ಕೊಡ್ತೀನಿ ಅಂತಿದ್ದಾನೆ. ನಾನೇ ಮಾರಿದ್ದು, ವಾಪಸ್ ಕೊಡ್ತೀರಾ ಅಂತ ಕೇಳಕ್ಕೆ ಹೋದೆ. ಮನೇಲಿ ಯಾರೂ ಇರಲಿಲ್ಲ. ಬಂದ್ಬಿಟ್ಟೆ.”

“ಇವತ್ತು ಹದಿನೇಳು. ಪ್ರತಿ ತಿಂಗಳು ಹದಿನೇಳಕ್ಕೆ ಅವರು ಸಮಾಧಿಗೆ ಹೋಗ್ತಾರೆ. ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿದ್ರೆ ಬೇರೆ ದಿನ ಹೋಗ್ತಿದ್ದೆ. ವ್ಯಾಪಾರಿ ನಾನು, ಖಾಲಿ ಮನೇಲಿ ಯಾರ ಹತ್ರ ಚೌಕಾಸಿ ಮಾಡ್ಲಿ?”

ಹೇಳುತ್ತಲೇ ಅವನು ಮೇಜಿನ ಮೇಲಿನ ತಂತಿಯೊಂದನ್ನು ಎತ್ತಿ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಗರಗರ ಸುತ್ತಿದ. ಹಗ್ಗ ಸುತ್ತುವ ಹಾಗೆ. ಟೊಕಿಟಾ ಆ ಕೈಯನ್ನೇ ನೋಡುತ್ತಿದ್ದಳು.

“ಆ ಪ್ರಿ-ಆಂಪಿಗೆ ಮೂಲ ರಟ್ಟಿನ ಪೆಟ್ಟಿಗೆ, ಕಾಗದಪತ್ರ ಇತ್ತಾ?”

“ಇತ್ತು ಮೇಡಂ. ಅವಿಲ್ದೆ ಕೋಬೆಯವನು ಅದನ್ನ ಮೂಸಿ ನೋಡಲ್ಲ.”

ರಟ್ಟಿನ ಪೆಟ್ಟಿಗೆ, ಕಾಗದ ಎರಡೂ ನೆಗಿಶಿಯವರ ಕಪಾಟಿನಲ್ಲಿ ಇದ್ದ ಹಾಗೇ ಇದ್ದವು. ಅವಳು ನೋಡಿಕೊಂಡೇ ಬಂದಿದ್ದಳು.

*

ಮತ್ತೆ ನೆಗಿಶಿಯವರ ಮನೆ. ಎರಡು ಗಂಟೆ.

“ಆ ಟೇಪ್ ನಾನು ಕೇಳಬಹುದಾ?”

ಹಿಬಿನೊ ಕಟ್ಟಿದ್ದ ಹಳೆಯ ಪ್ರಿ-ಆಂಪಿನ ಮೂಲಕ ಕೇಳಿಸಿದರು. ಫುಮಿಯೆಯವರ ದನಿ ರೇಷ್ಮೆಯ ಮೇಲೆ ಜಾರುವಂತೆ ಬಂತು. ಒಂದು ಕವಿತೆಯ ಕೊನೆಯ ಸ್ವರ ಮೂರು ಸೆಕೆಂಡು ಎಳೆಯುವುದು, ಒಂದು ಸೆಕೆಂಡು ಮೌನ, ಮತ್ತೆ ಮುಂದಿನ ಕವಿತೆ. ಕಟ್ಟುನಿಟ್ಟಿನ ಕ್ರಮ. ಟೊಕಿಟಾ ಕಣ್ಣು ಮುಚ್ಚಿದಳು. ಚಿಕ್ಕಂದಿನಲ್ಲಿ ನಸುಕಿನಲ್ಲಿ ಅಪ್ಪ ಸೂತ್ರ ಪಠಿಸುವಾಗ ಅವಳು ಪದಗಳಿಗಿಂತ ಹೆಚ್ಚಾಗಿ ಅಪ್ಪ ಉಸಿರೆಳೆದುಕೊಳ್ಳುವುದನ್ನೇ ಕೇಳುತ್ತಿದ್ದಳು. ಈ ದನಿಯಲ್ಲಿ ಉಸಿರು ಕೇಳಿಸಲಿಲ್ಲ. ಗಡಿಯಾರವೂ ಇಲ್ಲ.

“ಈ ಟೇಪ್ ಡೆಕ್ಕಿಗೆ ನೇರ ಹೆಡ್‌ಫೋನ್ ಹಾಕಬಹುದಲ್ವಾ?”

“ಹಾಕಬಹುದು. ನಾನು ಹಾಕಲ್ಲ.”

“ಯಾಕೆ?”

“ಹೆಡ್‌ಫೋನ್ ಹಾಕಿದ್ರೆ ಅವಳು ನನ್ನ ತಲೆಯೊಳಗೆ ಇರ್ತಾಳೆ. ನಂಗೆ ಅವಳು ಎದುರಿಗೆ ಕೂತಿರಬೇಕು.”

ಟೊಕಿಟಾ ಹಾಕಿಕೊಂಡಳು. ಕೇಳಿಸಿತು. ಟಿಕ್. ಟಿಕ್. ಸೆಕೆಂಡಿಗೊಂದು. ಪ್ರತಿ ಮೌನದಲ್ಲೂ ಒಂದು ಟಿಕ್. ಹದಿನಾಲ್ಕನೇ ಕವಿತೆ ಮುಗಿದ ಮೇಲೆ ಮೌನ ಸರಿಯಾಗಿ ಒಂದೇ ಸೆಕೆಂಡು. ಟಿಕ್ ಮಾತ್ರ ಇಲ್ಲ. ಮುಂದಿನ ಟಿಕ್ ಅರ್ಧ ಹೆಜ್ಜೆ ತಡವಾಗಿ ಬಂತು. ಅವಳು ಟಿಪ್ಪಣಿ ಪುಸ್ತಕದಲ್ಲಿ ಗೀಟು ಹಾಕಿದಳು. ಟೇಪು ಮುಗಿಯುವ ಹೊತ್ತಿಗೆ ಹನ್ನೊಂದು ಗೀಟು.

“ಇದು ಯಾವಾಗ ರೆಕಾರ್ಡ್ ಮಾಡಿದ್ದು?”

“ಹೋದ ವರ್ಷಕ್ಕೆ ಮುಂಚಿನ ನವೆಂಬರ್.”

“ಕಾಯಿಲೆ ಗೊತ್ತಾಗಿದ್ದು?”

“ಅದಾದ್ಮೇಲೆ ಮಾರ್ಚಲ್ಲಿ. ಆಗ್ಲೇ ಕೈ ಮೀರಿತ್ತು ಅಂದ್ರು.”

ಟೊಕಿಟಾ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಹಾಗೇ ಹರಡಿಟ್ಟಳು.

*

ಮೂರಕ್ಕೆ ಸರಿಯಾಗಿ ಹಿಬಿನೊ ಬಂದರು. ತೆಳ್ಳಗಿನ ಮನುಷ್ಯ. ಉದ್ದ ಬೆರಳುಗಳು.

“ಕಳ್ಳತನವಂತೆ! ಉಸುಯಿ ಅಜ್ಜಿ ಹೇಳಿದ್ರು. ಏನಯ್ಯಾ ಇದು, ನಿನ್ನ ಬೀಗಕ್ಕೂ ಬುದ್ಧಿ ಇಲ್ಲ, ನಿಂಗೂ ಇಲ್ಲ.”

“ಬಾರೋ,” ಎಂದರು ನೆಗಿಶಿ. “ನೀನು ಕಟ್ಟಿದ್ದೇ ಗತಿ ಮತ್ತೆ.”

ಟೊಕಿಟಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು. “ಸ್ವಲ್ಪ ಆ ಹೆಡ್‌ಫೋನ್ ತೆಗೀತೀರಾ? ಇದನ್ನ ಇಡಬೇಕು.”

ಹಿಬಿನೊ ಉದ್ದನೆಯ ತಂತಿಯನ್ನು ಎತ್ತಿಕೊಂಡರು. ಬೆರಳುಗಳು ತಾವಾಗಿಯೇ ಕೆಲಸ ಮಾಡಿದವು. ಒಂದು ಸುತ್ತು ಒಳಮುಖ, ಒಂದು ಸುತ್ತು ಹೊರಮುಖ.

ನೆಗಿಶಿಯವರ ಕಣ್ಣು ಆ ಕೈಗಳಿಂದ ಹಲಗೆಯ ಮೇಲಿನ ತಂತಿಗಳಿಗೆ ಹೋಯಿತು. ಅಲ್ಲಿಂದ ಕದಲಲಿಲ್ಲ.

“ರೇಡಿಯೋದವರ ಸುತ್ತು ಅಲ್ವಾ ಇದು? ತಂತಿ ತಿರುಚಬಾರದು ಅಂತ ಸೇರಿದ ಮೊದಲನೇ ವಾರವೇ ಕಲಿಸ್ತಾರಂತೆ,” ಎಂದಳು ಟೊಕಿಟಾ. “ವಾಕುಯಿ ಮೊಣಕೈಗೆ ಸುತ್ತಾನೆ. ಅವನು ಕದ್ದಿದ್ರೆ ಪೆಟ್ಟಿಗೆ, ಕಾಗದಾನೂ ಒಯ್ತಿದ್ದ. ದಾರಿಹೋಕ ಆಗಿದ್ರೆ ಸ್ಪೀಕರ್ ಹೊಟ್ಟೆ ಒಡೀತಿತ್ತು. ಬಂದೋರಿಗೆ ಈ ಮನೆಯ ಸ್ಪೀಕರ್ ಮೇಲೂ ಪ್ರೀತಿ ಇತ್ತು. ಬೇರೆಯವರು ಯಾರೂ ಬಂದಿಲ್ಲ ಅಂದ್ರು ಉಸುಯಿ ಅಜ್ಜಿ. ನೀವು ಯಾವಾಗ್ಲೂ ಬಂದು ಹೋಗೋರು, ಅವರ ಲೆಕ್ಕದಲ್ಲಿ ಬೇರೆಯವರಲ್ಲ.”

ಹಿಬಿನೊ ತಂತಿ ಕೆಳಗಿಟ್ಟರು.

“ಯಾಕೋ?” ಎಂದರು ನೆಗಿಶಿ. “ಕೇಳಿದ್ರೆ ಕೊಡ್ತಿರಲಿಲ್ವಾ ನಾನು?”

ಟೊಕಿಟಾಳೇ ಮುಂದುವರಿದಳು. ದನಿ ತಗ್ಗಿತ್ತು.

“ನಿನ್ನೆ ಫೋನಲ್ಲಿ ಇವರು ಗಡಿಯಾರ ಹೆಜ್ಜೆ ತಪ್ಪತ್ತೆ ಅಂದಾಗ ನಿಮಗೆ ಭಯ ಆಯ್ತು. ಹನ್ನೊಂದು ಕಡೆ ಟೇಪ್ ಕತ್ತರಿಸಿ ಅಂಟಿಸಿದ್ದೀರಿ. ಓದೋರ ಕ್ರಮ ಗೊತ್ತಿತ್ತು ನಿಮಗೆ, ಅದಕ್ಕೇ ಮೌನ ಎಲ್ಲಾ ಕಡೆ ಒಂದೇ ಸೆಕೆಂಡ್ ಬಿಟ್ರಿ. ಪಕ್ಕದ ಗೋಡೆ ಗಡಿಯಾರ ಮಾತ್ರ ನಿಮ್ಮ ಲೆಕ್ಕಕ್ಕೆ ಬರಲಿಲ್ಲ. ಕತ್ತರಿಸಿದ ಜಾಗದಲ್ಲಿ ಏನಿತ್ತು, ಹಿಬಿನೊ ಅವರೇ?”

ಹಿಬಿನೊ ಗೋಡೆಯ ಚಿತ್ರದತ್ತ ನೋಡಲಿಲ್ಲ. “ಕೆಮ್ಮು,” ಎಂದರು.

ಹಿಬಿನೊ ನೆಗಿಶಿಯವರ ಎದುರು ಕುಳಿತರು.

“ನವೆಂಬರಲ್ಲೇ ಗೊತ್ತಿತ್ತು ಫುಮಿಯೆ ಅವರಿಗೆ. ಕರವಸ್ತ್ರದಲ್ಲಿ ರಕ್ತ ನೋಡಿಬಿಟ್ಟೆ ನಾನು. ಡಾಕ್ಟರು ಆಗ್ಲೇ ಅಡ್ಮಿಟ್ ಆಗಿ ಅಂದಿದ್ರಂತೆ. ಜನವರಿಯ ಕಾರ್ಡಿನಾಟದ ಪಂದ್ಯಕ್ಕೆ ಓದಬೇಕಿತ್ತು ಅವರಿಗೆ. ಜೀವಮಾನದಲ್ಲಿ ಒಂದೇ ಸಲ ಸಿಗೋ ಅವಕಾಶ ಅಂತ. ನಮ್ಮನೆಯೋರಿಗೆ ಗೊತ್ತಾದ್ರೆ ತಡೀತಾರೆ, ಹೇಳಬೇಡಿ ಅಂದ್ರು. ಕೈ ಮುಗಿದ್ರು ಕಣೋ. ನಾನು ಮಾತು ಕೊಟ್ಟೆ.”

“ಜನವರಿ ಮುಗೀತಲ್ಲ,” ಎಂದರು ನೆಗಿಶಿ.

“ಮುಗೀತು. ಆಮೇಲೆ ನಾನು ಹೇಳಿದ್ರೂ ನಿನ್ನ ಕಣ್ಣಲ್ಲಿ ಚಿಕಿತ್ಸೆಯ ಎರಡು ತಿಂಗಳು ಕದ್ದೋನು ನಾನೇ. ಬಾಯಿ ಬರಲಿಲ್ಲ. ಅವರು ಹೋದ್ಮೇಲಂತೂ…” ಅವರು ನಿಲ್ಲಿಸಿದರು. “ನಿಂಗೆ ಕಟ್ಟಿಕೊಟ್ಟ ಎರಡು ಪ್ರಿ-ಆಂಪೂ ಸ್ವಲ್ಪ ಮಂಕಾಗೇ ಕಟ್ಟಿದೆ. ಅಂಟಿಸಿದ್ದು ಕೇಳಬಾರದು ಅಂತ. ನೀನು ಬೇರೆ ಕಡೆ ಹುಡುಕಿಬಿಟ್ಟೆ. ಒಂದು ವಾರ ಸಿಕ್ಕಿದ್ರೆ ಇದನ್ನೂ ಒಳಗೆ ಸ್ವಲ್ಪ ಬದಲಾಯಿಸಿ, ಎಲ್ಲೋ ಸಿಕ್ತು ಅಂತ ತಂದುಕೊಡ್ತಿದ್ದೆ. ಕಾರಲ್ಲೇ ಇದೆ. ರಜಾಯಿ ಸುತ್ತಿ ಸೀಟ್ ಬೆಲ್ಟ್ ಹಾಕಿದ್ದೀನಿ.”

ಟೊಕಿಟಾ ನೆಗಿಶಿಯವರ ಕಡೆ ತಿರುಗಿದಳು. ಬೈಯುತ್ತಾರೆ, ಹೊಡೆಯಲೂಬಹುದು ಎಂದುಕೊಂಡಿದ್ದಳು.

ಮುದುಕರು ಕೇಳಿದ್ದು ಬೇರೆ. “ಆವತ್ತು ನಾನೆಲ್ಲಿದ್ದೆ?”

“ಇಲ್ಲೇ,” ಎಂದರು ಹಿಬಿನೊ. “ಹನ್ನೊಂದನೇ ಪ್ರಿ-ಆಂಪ್ ಬಂದ ದಿನ. ನೀನು ಈ ಕೋಣೆ ಬಾಗಿಲು ಹಾಕ್ಕೊಂಡಿದ್ದೆ.”

ನೆಗಿಶಿ ಆ ಬಾಗಿಲನ್ನು ನೋಡಿದರು. ಎರಡು ಪದರದ ಹಲಗೆ, ನಡುವೆ ಉಣ್ಣೆ. ಹೊರಗಿನ ಸದ್ದು ಒಳಗೆ ಬಾರದಂತೆ ತಾವೇ ನಿಂತು ಮಾಡಿಸಿದ್ದು.

“ಚಳಿಗಾಲದ ಕೆಮ್ಮು ಅಂತಿದ್ಲು. ಕಷಾಯ ಕುಡಿ ಅಂದಿದ್ದೆ. ಅಷ್ಟೇ ನಾನು ಅಂದಿದ್ದು. ಗೋಡೆ ಆಚೆ ಅವಳು ರಕ್ತ ಕಾರ್ತಿದ್ಲು. ನಾನು ಇಲ್ಲಿ ಕೂತ್ಕೊಂಡು, ಯಾರದೋ ಪಿಟೀಲು ಸಹಜವಾಗಿ ಕೇಳತ್ತಾ ಅಂತ ನೋಡ್ತಿದ್ದೆ.”

ಅವರು ಅಳಲಿಲ್ಲ. ಹಿಬಿನೊ ಕಡೆ ತಿರುಗಿ ಕೇಳಿದರು:

“ಕತ್ತರಿಸಿದ ತುಂಡು ಎಸೆದ್ಯಾ?”

ಹಿಬಿನೊ ಇಲ್ಲವೆಂದು ತಲೆಯಾಡಿಸಿದರು. “ಹೇಗೆ ಎಸೀಲಿ? ಅದರಲ್ಲೂ ಅವರೇ ಇದಾರಲ್ಲ.”

*

ಟೊಕಿಟಾ ದೂರಿನ ಹಾಳೆ ತೆರೆದಳು. “ಕಳವು ಅಂತ ಬರೀಲಾ, ಕೈಗಡ ಅಂತ ಬರೀಲಾ?”

“ಏನೂ ಬರೀಬೇಡಮ್ಮ,” ಎಂದರು ನೆಗಿಶಿ. “ಹೊತ್ತಿದ್ರೆ ಕೂತ್ಕೋ.”

ಅವಳು ಕುಳಿತಳು. ಹಿಬಿನೊ ಮನೆಗೆ ಹೋಗಿ ಲಕೋಟೆಯೊಂದನ್ನು ತಂದರು. ಹನ್ನೊಂದು ತುಂಡು, ಒಂದೊಂದರ ಮೇಲೂ ಸಂಖ್ಯೆ. ರೇಜರ್, ಅಂಟುಪಟ್ಟಿ. ನೆಗಿಶಿ ಹಿಡಿದುಕೊಂಡರು, ಹಿಬಿನೊ ಅಂಟಿಸಿದರು. ಕೆಲಸ ಮುಗಿದಾಗ ಸರೋವರದ ಮೇಲಿನ ಬೆಳಕು ಕೆಂಪಾಗುತ್ತಿತ್ತು. ಪ್ರಿ-ಆಂಪು ಕಾರಿನಿಂದ ಇಳಿದು ಹಲಗೆ ಸೇರಿತು.

ಫುಮಿಯೆ ಓದಿದರು. ಎಲ್ಲೋ ಹಿಂದೆ ಗಡಿಯಾರ ತಪ್ಪದೆ ನಡೆಯಿತು. ಅವರು ಉಸಿರೆಳೆದುಕೊಳ್ಳುವುದು ಕೇಳಿಸಿತು. ಹದಿನಾಲ್ಕನೇ ಕವಿತೆಯ ಕೊನೆಯ ಸ್ವರ ಎಳೆದು ಮುಗಿಯುವಷ್ಟರಲ್ಲಿ ಕೆಮ್ಮು ಬಂತು. ಒಣ ಕೆಮ್ಮಲ್ಲ. ಆಳದಿಂದ, ಕಿತ್ತುಕೊಂಡು ಬಂದದ್ದು. ಬಟ್ಟೆಯ ಸರಸರ. ಆಮೇಲೆ ಕವಿತೆಯ ದನಿಯಲ್ಲ, ಅಡುಗೆಮನೆಯಿಂದ ಕರೆಯುವಾಗಿನ ಆ ಮಾಮೂಲಿ ದನಿ:

“ಹಿಬಿನೊ ಅವರೇ, ಅವರಿಗೆ ಕೇಳಿಸ್ತೇನೋ?”

“ಇಲ್ಲ. ಬಾಗಿಲು ಹಾಕಿದೆ.” ಟೇಪಿನೊಳಗೆ ಹಿಬಿನೊ ದನಿ.

“ಓ. ಇಲ್ವಾ,” ಎಂದಿತು ಟೇಪು. ಅದರಲ್ಲಿ ಸಮಾಧಾನ ಇತ್ತೋ ಇನ್ನೇನೋ, ಟೊಕಿಟಾಗೆ ತಿಳಿಯಲಿಲ್ಲ.

ನೆಗಿಶಿ ಸ್ಪೀಕರುಗಳ ನಡುವಿನ ಖಾಲಿ ಚಾಪೆಯ ಕಡೆ ಬಾಗಿದರು.

“ಕೇಳಿಸ್ತು ಕಣೆ,” ಎಂದರು. “ಈಗ ಕೇಳಿಸ್ತು.”

ಟೇಪು ಅವರಿಗಾಗಿ ನಿಲ್ಲಲಿಲ್ಲ. ಫುಮಿಯೆ ಗಂಟಲು ಸರಿಪಡಿಸಿಕೊಂಡು ಹದಿನೈದನೆಯದನ್ನು ಎತ್ತಿಕೊಂಡರು.