ಮುಕ್ಕಾದ ಅಲಗು

ಹಳೇ ಅಮೆರಿಕನ್ ಪೀಠೋಪಕರಣಗಳ ಚಿತ್ರಪುಸ್ತಕ ನೋಡಿ ಡ್ರಾಯರಿರುವ ಚೆರ್ರಿ ಮರದ ಮೇಜು ಮಾಡಿದ್ದೆ. ನಮ್ಮ ವರ್ಮಾಂಟ್‌ನಲ್ಲಿ ಕೊಳ್ಳುವವರು ಮೊದಲು ಡ್ರಾಯರಿನ ಅಡಿ ಸವರುತ್ತಾರೆ. ಮರ ಹೆರೆಯುವ ಕೈಹತ್ತರಿಯ ಉಬ್ಬುತಗ್ಗು ಸಿಕ್ಕರೆ ಹಳೆಯದು, ನುಣ್ಣಗಿದ್ದರೆ ಮೆಷಿನ್ನಿನದು. ನನ್ನದು ಮೆಷಿನ್ನಿನದೇ.

ಹೆಂಡತಿ ಹೆಸ್ಟರ್ ಡ್ರಾಯರಿನ ಅಡಿಗೆ ಕೈ ಹಾಕಿ ನಕ್ಕಳು. "ಹತ್ತರಿ ಹೊಡೆದು ಯಾರಿಗ್ರೀ ಟೋಪಿ ಹಾಕೋಕೆ ಹೊರಟಿದೀರಾ?"

"ಹತ್ತರಿ ಮುಟ್ಟೇ ಇಲ್ಲ ಮಾರಾಯ್ತಿ!"

ಸವರಿ ನೋಡಿದೆ. ಹಲಗೆ ಬೆಚ್ಚಗಿತ್ತು. ಉಬ್ಬುತಗ್ಗಿನ ನಡುವೆ ಗೆರೆಯಂತೆ ಎದ್ದ ಸಣ್ಣದೊಂದು ಏಣು, ಹತ್ತರಿಯ ಮುಕ್ಕಾದ ಅಲಗು ಬಿಟ್ಟುಹೋಗುವಂಥದ್ದು. ಪುಸ್ತಕದಲ್ಲಿದ್ದ ಮೂಲ ಮೇಜಿನ ಡ್ರಾಯರಿನಡಿಯ ಚಿತ್ರದಲ್ಲೂ ಅದೇ ಏಣು. ನನ್ನ ಹತ್ತರಿಗಳ ಅಲಗುಗಳೆಲ್ಲ ನೆಟ್ಟಗಿವೆ.

ತಲೆಬುಡ ತಿಳಿಯದೆ ಹಲಗೆ ಬದಲಿಸಿದೆ. ಹೊಸದನ್ನು ಹೆಸ್ಟರ್ ಕೈಯಲ್ಲೇ ಸವರಿಸಿದೆ. "ನುಣ್ಣಗಿದೆ ಬನ್ನಿ, ಕಾಫಿ ಆರ್ತಿದೆ," ಎಂದಳು.

ಕಾಫಿ ಕುಡಿದು ಬಂದಾಗ ಮೇಜಿನಡಿ ಹತ್ತರಿ ಹೊಡೆದಾಗ ಏಳುವಂಥ ಮರದ ಸುರುಳಿಯೊಂದು ಬಿದ್ದಿತ್ತು. ಎತ್ತಿಕೊಂಡೆ. ಅಲಗಿನ ಮುಕ್ಕು ಹಾಯ್ದಂತೆ ಉದ್ದಕ್ಕೂ ನಡುವೆ ಸೀಳಿತ್ತು, ಇನ್ನೂ ಬೆಚ್ಚಗಿತ್ತು.